ಅವಳಿ ಹಾಕುವ ಕುರಿಯಲ್ಲಿ ಅವಳಿಯ ಜೀನ್ ಇದೆ ಎಂದು ತಿಳಿಯುವುದು ಹೇಗೆ?

ನಮಸ್ಕಾರ. ನಿಮ್ಮ ಬಂಡೂರು ಹಿಂಡಿನ ಒಂದು ಕುರಿ ಸತತ ಮೂರು ಸೂಲು ಅವಳಿ ಮರಿ ಹಾಕಿದೆ, ಅದರಲ್ಲಿ ಅವಳಿಯ ಜೀನ್ ಇರಲೇಬೇಕು, ಅದರ ಗಂಡು ಮರಿಯನ್ನು ಬೀಜದ ಟಗರಾಗಿ ಬಿಟ್ಟರೆ ಹಿಂಡೆಲ್ಲ ಹಾಗೆಯೇ ಆಗುತ್ತದೆಯೇ ಎಂದು ಕೇಳಿದ್ದೀರಿ. ಮರಿಯನ್ನು ಮಾರಬೇಡಿ, ಇಟ್ಟುಕೊಳ್ಳಿ. ಆದರೆ ಜೀನ್ ಇದೆ ಎಂದು ಈಗಲೇ ತೀರ್ಮಾನಿಸಬೇಡಿ.

ಮೂರನೆಯ ನಾಲ್ಕನೆಯ ಸೂಲಿನ ಕುರಿಗಳಲ್ಲಿ ಅವಳಿ ತಾನಾಗಿಯೇ ಹೆಚ್ಚು. ಟಗರು ಬಿಡುವ ಎರಡು ಮೂರು ವಾರ ಮೊದಲು ಒಳ್ಳೆಯ ಮೇವು, ಕಾಳು ಸಿಕ್ಕರೂ ಹೆಚ್ಚುತ್ತದೆ. ಮರಿಗಳ ಸಂಖ್ಯೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶದಿಂದ ಬರುವ ಪಾಲು ಸಾಮಾನ್ಯವಾಗಿ ತೀರ ಕಡಿಮೆ. ಹೀಗಾಗಿ ಒಂದು ಕುರಿಯ ಮೂರು ಸೂಲು ನಮಗೆ ಅನುಮಾನವನ್ನಷ್ಟೇ ಕೊಡುತ್ತವೆ.

ಅನುಮಾನ ಪುರಾವೆಯಾದದ್ದು ಹೇಗೆ ಎಂಬುದಕ್ಕೆ ಬೂರೂಲಾ ಕುರಿಗಳ ಉದಾಹರಣೆ ನೋಡಿ. ಆಸ್ಟ್ರೇಲಿಯಾದ ಕೂಮಾ ಬಳಿಯ ಬೂರೂಲಾ ಎಂಬ ಫಾರ್ಮಿನ ಮೆರಿನೊ ಕುರಿಗಳು ಎರಡು ಮೂರು ಮರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಾಕುತ್ತಿದ್ದವು. ಸಂಶೋಧಕರು ಒಂದೊಂದು ಟಗರಿನ ಹೆಣ್ಣುಮಕ್ಕಳನ್ನು ಬೇರೆ ಬೇರೆಯಾಗಿ ನೋಡಿದರು, ಹುಟ್ಟಿದ ಮರಿಗಳ ಬದಲು ಅಂಡಾಶಯದಲ್ಲಿ ಒಮ್ಮೆಗೆ ಬಿಡುಗಡೆಯಾದ ಅಂಡಗಳನ್ನು ಎಣಿಸಿದರು. ಹೆಣ್ಣುಮಕ್ಕಳೆಲ್ಲ ಸ್ವಲ್ಪ ಸ್ವಲ್ಪ ಏರುಪೇರಾಗಿದ್ದರೆ ಹಲವು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ ಎನ್ನಬಹುದಿತ್ತು. ಇಲ್ಲಿ ಹಾಗಾಗಲಿಲ್ಲ. ಕೆಲವು ಟಗರುಗಳ ಸಂತಾನ ಸ್ಪಷ್ಟವಾಗಿ ಎರಡು ಗುಂಪಾಗಿ ಒಡೆಯಿತು. ಯಾವುದೇ ಜೀನಿನ ಎರಡು ಪ್ರತಿಗಳು (ನಕಲುಗಳು) ಕುರಿಗೆ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಹಾಗಾಗಿ ಒಟ್ಟಾರೆ ಕುರಿಗಳಲ್ಲಿ ಮೂರಕ್ಕಿಂತ ಕಡಿಮೆ ಅಂಡ ಬಿಡುವವು ಜೀನ್ ಇಲ್ಲದವು, ಮೂರು ನಾಲ್ಕು ಬಿಡುವವು ಒಂದು ಪ್ರತಿ ಇರುವವು, ಐದು ಅಥವಾ ಅದಕ್ಕಿಂತ ಹೆಚ್ಚು ಬಿಡುವವು ಎರಡು ಪ್ರತಿ ಇರುವವು ಎಂದು ವಿಂಗಡಿಸಿದರು. 1980ರ ದಶಕದ ಆರಂಭಕ್ಕೇ ಇದು ಒಂದೇ ದೊಡ್ಡ ಜೀನಿನ ಕೆಲಸ ಎಂಬ ಮಾತು ಗಟ್ಟಿಯಾಗಿತ್ತು, ಯಾವ ಜೀನ್ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಡಿಎನ್‌ಎಯಲ್ಲಿನ ಗುರುತುಗಳ ಜಾಡು ಹಿಡಿದು ಅದು ಕುರಿಯ ಆರನೆಯ ವರ್ಣತಂತುವಿನಲ್ಲಿದೆ ಎಂದು ಕಂಡುಕೊಂಡರು. ಆ ಭಾಗದಲ್ಲಿ ಜೀನ್‌ಗಳು ಬಹಳ. ಅವುಗಳಲ್ಲಿ ಅಂಡಾಶಯಕ್ಕೆ ಸಂಬಂಧವಿರುವುದು ಯಾವುದು ಎಂದು ಹುಡುಕಿದಾಗ ಶಂಕೆ ಬಿದ್ದದ್ದು ಬಿಎಂಪಿಆರ್1ಬಿ ಎಂಬುದರ ಮೇಲೆ. ಅಂಡ ಬೆಳೆಯುವ ಕೋಶಗಳಿಗೆ ಸಂದೇಶ ಮುಟ್ಟಿಸುವ ಗ್ರಾಹಕ ಪ್ರೋಟೀನನ್ನು ಮಾಡುವುದು ಈ ಜೀನ್. 2001ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ಅದರಲ್ಲಿ ಡಿಎನ್‌ಎಯ ಒಂದೇ ಅಕ್ಷರದ ಬದಲಾವಣೆ ಕಂಡವು: ಎ ಇರಬೇಕಾದ ಕಡೆ ಜಿ. ಅದರಿಂದ ಪ್ರೋಟೀನಿನ 249ನೆಯ ಸ್ಥಾನದಲ್ಲಿ ಗ್ಲುಟಮೈನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನೈನ್ ಎಂಬ ಇನ್ನೊಂದು ಕೂರುತ್ತದೆ. ಹೆಚ್ಚು ಅಂಡ ಬಿಡುವ ಕುರಿಗಳಲ್ಲಿ ಈ ಬದಲಾವಣೆ ಇತ್ತು, ಅದೇ ಟಗರಿನ ಉಳಿದ ಮಕ್ಕಳಲ್ಲಿ ಇರಲಿಲ್ಲ. ಒಂದೇ ತಂದೆಯ ಮಕ್ಕಳ ನಡುವಿನ ಈ ಹೋಲಿಕೆಯೇ ನಿಜವಾದ ಪುರಾವೆ. ಬಂಡೂರಿನ ಹತ್ತು ಕುರಿಯ ರಕ್ತವನ್ನು ಬೇರೆ ತಳಿಯ ಹತ್ತು ಕುರಿಯ ರಕ್ತದ ಜೊತೆ ಹೋಲಿಸಿ ಯಾರಾದರೂ ‘ಅವಳಿ ಜೀನ್ ಸಿಕ್ಕಿತು’ ಎಂದರೆ ನಂಬಬೇಡಿ. ತಳಿ ತಳಿಗೆ ಸಾವಿರಾರು ವ್ಯತ್ಯಾಸಗಳಿರುತ್ತವೆ, ಯಾವುದನ್ನು ಬೇಕಾದರೂ ಅವಳಿಗೆ ಗಂಟು ಹಾಕಬಹುದು.

ಈ ಜೀನ್ ನಮ್ಮ ಕಡೆಯದೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸುಂದರಬನದ ಪುಟ್ಟ ಗರೋಲ್ ಕುರಿಗಳಲ್ಲೂ ಇದೇ ಬದಲಾವಣೆ ಇರುವುದು 2002ರಲ್ಲಿ ಪ್ರಕಟವಾಯಿತು. 1790ರ ದಶಕದಲ್ಲಿ ಬಂಗಾಳದಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕುರಿಗಳು ಹೋಗಿದ್ದವು, ಬೂರೂಲಾಕ್ಕೆ ಇದು ಬಂದದ್ದು ಅವುಗಳಿಂದಲೇ ಎಂದು ನಂಬಲಾಗಿದೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್‌ನಿಂದ ಈ ಜೀನನ್ನು ಡೆಕ್ಕನಿ ಕುರಿಗೆ ತಂದು ‘ನಾರಿ ಸುವರ್ಣ’ ಬೆಳೆಸಿದರು. ಗರೋಲ್ ಗಾತ್ರದಲ್ಲಿ ತೀರ ಸಣ್ಣದು. ಪ್ರತಿ ತಲೆಮಾರಿನಲ್ಲೂ ಪರೀಕ್ಷೆ ಮಾಡಿ, ಜೀನ್ ಇರುವ ಮರಿಯನ್ನೇ ಆರಿಸಿ ಮತ್ತೆ ದೊಡ್ಡ ಮೈಯ ಕುರಿಗೆ ಕೂಡಿಸಿದ್ದರಿಂದ ಮೈಕಟ್ಟು ಉಳಿಯಿತು, ಜೀನೂ ಬಂತು.

ಇನ್ನು ನೀವು ಮಾಡಬೇಕಾದದ್ದು. ಟಗರು ಬಿಡುವ ಕಾಲದಲ್ಲಿ ಒಂದು ಗುಂಪಿಗೆ ಒಂದೇ ಟಗರು ಬಿಡಿ, ಇಲ್ಲದಿದ್ದರೆ ಮರಿಯ ತಂದೆ ಯಾರೆಂದೇ ತಿಳಿಯುವುದಿಲ್ಲ. ಕಿವಿಗೆ ಸಂಖ್ಯೆ ಹಾಕಿ, ತಾಯಿ, ತಂದೆ, ಎಷ್ಟನೆಯ ಸೂಲು, ಹುಟ್ಟಿದ ಮರಿ ಎಷ್ಟು, ಹಾಲು ಬಿಡಿಸುವಾಗ ಉಳಿದದ್ದು ಎಷ್ಟು ಎಂದು ಬರೆದಿಡಿ. ಆ ಕುರಿಯ ಹೆಣ್ಣುಮಕ್ಕಳು, ಅಕ್ಕತಂಗಿಯರು ಏನು ಹಾಕಿದರು ಎಂಬುದನ್ನೂ ಸೇರಿಸಿ. ಆ ವಂಶದಲ್ಲಿ ಯಾವುದಾದರೂ ಕುರಿ ಮೂರು ಮರಿ ಹಾಕಿದ್ದರೆ ಅನುಮಾನಕ್ಕೆ ಬಲ ಬರುತ್ತದೆ.

ಟಗರಿನ ಮೈ ನೋಡಿ ಏನೂ ಹೇಳಲಾಗದು, ಏಕೆಂದರೆ ಗುಣ ಕಾಣುವುದು ಅದರ ಹೆಣ್ಣುಮಕ್ಕಳಲ್ಲಿ. ತಾಯಿಯಲ್ಲಿ ಒಂದು ಪ್ರತಿ ಇದ್ದು ತಂದೆಯಲ್ಲಿ ಇಲ್ಲದಿದ್ದರೆ ನಿಮ್ಮ ಮರಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ತಾಯಿ, ಮರಿ ಎರಡರ ರಕ್ತವನ್ನೂ ಪರೀಕ್ಷೆಗೆ ಕೊಡಿ. ಪ್ರಯೋಗಾಲಯದಲ್ಲಿ ಡಿಎನ್‌ಎಯ 190 ಅಕ್ಷರಗಳ ತುಣುಕನ್ನು ಹೆಚ್ಚಿಸಿ ಡಿಎನ್‌ಎ ಕತ್ತರಿಸುವ ಎವಿಎ2 ಎಂಬ ಕಿಣ್ವ ಹಾಕಿ, ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಗೆರೆಗಳಾಗಿ ಬೇರ್ಪಡಿಸುತ್ತಾರೆ. ಜೀನ್ ಇಲ್ಲದಿದ್ದರೆ ತುಣುಕು ತುಂಡಾಗುವುದಿಲ್ಲ, 190ರಲ್ಲಿ ಒಂದೇ ಗೆರೆ. ಎರಡು ಪ್ರತಿ ಇದ್ದರೆ ಗೆರೆ 160ಕ್ಕೆ ಇಳಿಯುತ್ತದೆ. ಒಂದು ಪ್ರತಿ ಇದ್ದರೆ ಎರಡೂ ಗೆರೆ ಕಾಣುತ್ತವೆ. ಪಶುವೈದ್ಯಕೀಯ ಕಾಲೇಜುಗಳ ತಳಿವಿಜ್ಞಾನ ವಿಭಾಗದಲ್ಲಿ ವಿಚಾರಿಸಿ. ವರದಿಯಲ್ಲಿ ‘ಇಲ್ಲ’ ಎಂದು ಬಂದರೆ ಈ ಒಂದು ಬದಲಾವಣೆ ಇಲ್ಲ ಎಂದಷ್ಟೇ ಅರ್ಥ. ಕುರಿಗಳಲ್ಲಿ ಅವಳಿಗೆ ಬೇರೆ ಜೀನ್‌ಗಳೂ ಇವೆ, ನಿಮ್ಮ ದಾಖಲೆ ಆಗಲೂ ಬೇಕಾಗುತ್ತದೆ.

‘ಇದೆ’ ಎಂದು ಬಂದರೂ ಹೆಣ್ಣು ಕುರಿಗಳಲ್ಲಿ ಒಂದು ಪ್ರತಿಗೇ ನಿಲ್ಲಿಸಿ. ಎರಡು ಪ್ರತಿಯ ಟಗರನ್ನು ಜೀನ್ ಇಲ್ಲದ ಕುರಿಗಳಿಗೆ ಬಿಟ್ಟರೆ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಪ್ರತಿ ಬರುತ್ತದೆ. ಅದೇ ಹೆಣ್ಣುಮಕ್ಕಳಿಗೆ ಮತ್ತೆ ಅದೇ ಟಗರು ಬೇಡ. ಎರಡು ಪ್ರತಿಯ ಕುರಿ ಮೂರು ಮರಿ ಹಾಕಿ, ಹಾಲು ಸಾಲದೆ, ಕಡಿಮೆ ತೂಕದ ಮರಿಗಳು ಸಾಯುವುದುಂಟು. ಅವಳಿಗೂ ಗರ್ಭದ ಕೊನೆಯ ಆರು ವಾರ ಹಿಂಡಿ, ಕಾಳು ಕೊಡಲೇಬೇಕು, ಹುಟ್ಟಿದ ಕೂಡಲೇ ಎರಡೂ ಮರಿ ಗಿಣ್ಣು ಹಾಲು ಕುಡಿದವೇ ಎಂದು ಕಣ್ಣಾರೆ ನೋಡಬೇಕು. ಇಡೀ ದಿನ ಬೀಳಿನಲ್ಲಿ ಮೇಯಿಸಿ ಸಂಜೆ ಏನೂ ಕೊಡಲಾಗದ ಹಿಂಡಾದರೆ ಈ ಜೀನ್ ತರುವುದೇ ಬೇಡ ಎನ್ನುತ್ತೇನೆ.

ನಿಮ್ಮ ಕುರಿಗೆ ಎಷ್ಟು ಹೆಣ್ಣುಮಕ್ಕಳು, ಅವು ಎಷ್ಟು ಸೂಲು ಕಂಡಿವೆ ಎಂದು ಇಲ್ಲೇ ಬರೆಯಿರಿ. ಪರೀಕ್ಷೆಗೆ ಖರ್ಚು ಮಾಡಬೇಕೇ ಬೇಡವೇ ಎಂಬುದನ್ನು ಅದರ ಮೇಲೆ ಹೇಳಬಹುದು.