ಊರಿನ ಡ್ರೈವಿಂಗ್ ಇಲ್ಲಿ ಲೆಕ್ಕಕ್ಕಿಲ್ಲ ತಂಗಿ

ಅಣ್ಣಾ ಅಂತ ಕರೆದಿದ್ದೀಯ, ಅದಕ್ಕೆ ಏಕವಚನದಲ್ಲೇ ಬರೀತೀನಿ. ಕಮ್ಯುನಿಟಿ ನರ್ಸ್ ಆಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬರ್ತಿರೋ ನೀನು ಮೂರು ವಿಷಯ ಕೇಳಿದ್ದೀಯ: ಹಾಸನದ ಲೈಸೆನ್ಸ್ ಇಲ್ಲಿ ಎಷ್ಟು ದಿನ ನಡೆಯುತ್ತೆ, ಗಾಡಿ ತಾಗಿ ಯಾರಿಗಾದರೂ ಪೆಟ್ಟಾದರೆ ಲೈಸೆನ್ಸ್ ಹೋಗುತ್ತಾ, ಊರಿಂದ ಏನೇನು ತರಬೇಕು.

ಮೊದಲನೆಯದು ಸುಲಭ. ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು. ಅಷ್ಟರೊಳಗೆ ಪ್ರೊವಿಷನಲ್ (ಇಲ್ಲಿಯ ಕಲಿಕೆ ಲೈಸೆನ್ಸ್) ತಗೊಂಡು ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಬಂದ ವಾರವೇ ಅರ್ಜಿ ಹಾಕು.

ಎರಡನೆಯದು ದೊಡ್ಡ ಕಥೆ. 2009ರ ಚಳಿಗಾಲದಲ್ಲಿ ಬಂದ ಹೊಸದರಲ್ಲಿ ನಾನು ಝೀಬ್ರಾ ಕ್ರಾಸಿಂಗ್‌ನಲ್ಲಿ ನಿಂತಿದ್ದೆ, ಕಾರೊಂದು ನಿಂತಿತು. ಬೆಂಗಳೂರಿನ ಅಭ್ಯಾಸ ನೋಡು, ನೀವೇ ಹೋಗಿ ಅಂತ ಕೈ ಬೀಸಿದೆ. ಆಸಾಮಿ ಕದಲಲಿಲ್ಲ. ಎಂಥಾ ಮರ್ಯಾದಸ್ಥ ಜನ ಅಂದುಕೊಂಡೆ! ಮರ್ಯಾದೆ ಜೊತೆಗೆ, ತಪ್ಪು ಮಾಡಿದರೆ ಲೈಸೆನ್ಸ್ ಮೇಲೆ ಬೀಳೋ ಪಾಯಿಂಟಿನ ಭಯವೂ ಇರುತ್ತೆ ಅನ್ನೋದು ಆಮೇಲೆ ತಿಳೀತು. ಮೂರು ವರ್ಷದಲ್ಲಿ 12 ಪಾಯಿಂಟ್ ಆದರೆ ಸಾಮಾನ್ಯವಾಗಿ ಆರು ತಿಂಗಳಾದರೂ ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ಹೊಸಬರಿಗೆ ಅಷ್ಟೂ ಬೇಡ. ಟೆಸ್ಟ್ ಪಾಸಾದ ಎರಡು ವರ್ಷದೊಳಗೆ 6 ಆದರೆ ಲೈಸೆನ್ಸೇ ರದ್ದು, ಮತ್ತೆ ಎಲ್ ಬೋರ್ಡು, ಮತ್ತೆ ಟೆಸ್ಟು. ಶಿರಾಡಿ ಘಾಟಿಯಲ್ಲಿ ಹತ್ತು ವರ್ಷ ಓಡಿಸಿದ್ದರೂ ನೀನು ಹೊಸಬಳೇ. ಕೈಯಲ್ಲಿ ಮೊಬೈಲ್ ಹಿಡಿದು ಸಿಕ್ಕಿಬಿದ್ದರೆ ಆ ಆರೂ ಒಂದೇ ಏಟಿಗೆ.

ನನ್ನ ರೂಮ್‌ಮೇಟ್ ದಾವಣಗೆರೆ ಹುಡುಗ, ಅವನದೂ ಮನೆ ಮನೆಗೆ ಹೋಗೋ ನರ್ಸ್ ಕೆಲಸ. ಟೆಸ್ಟ್ ಪಾಸಾಗಿ ವರ್ಷ ಆಗಿರಲಿಲ್ಲ. ಎಡಕ್ಕೆ ತಿರುಗುವಾಗ ಪಕ್ಕದ ಸೈಕಲ್ ಕಾಣಲಿಲ್ಲ. ಬಿದ್ದವನು ಎದ್ದು, ಹೆಲ್ಮೆಟ್ ಸರಿ ಮಾಡಿಕೊಂಡು, ಏನೂ ಆಗಿಲ್ಲ ಅಂದ. ನಮ್ಮವನು ರಿಪೇರಿಗೆ ಇಟ್ಕೊಳ್ಳಿ ಅಂತ ಇಪ್ಪತ್ತು ಪೌಂಡ್ ತೆಗೆದ. ಅವನು ನಕ್ಕು, ಕೈ ಕುಲುಕಿ ಹೋದ. ಹೆಸರು ವಿಳಾಸ ಯಾರೂ ಯಾರಿಗೂ ಕೊಡಲಿಲ್ಲ. ಊರಲ್ಲಾಗಿದ್ರೆ ಜನ ಸೇರಿ ಬಡೀತಿದ್ರು ಮಾರಾಯ ಅಂತ ಸಂಜೆ ಊಟಕ್ಕೆ ಕೂತಾಗ ಖುಷಿಯಿಂದ ಹೇಳಿದ.

ಆ ಸೈಕಲಿನವನ ಕಾಲರ್ ಬೋನ್ ಮುರಿದಿತ್ತು. ಯಾರೋ ನಂಬರ್ ಪ್ಲೇಟ್ ಬರೆದುಕೊಂಡಿದ್ದರು. ಅಜಾಗರೂಕ ಚಾಲನೆ ಒಂದು ಕೇಸು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಲಿಲ್ಲ ಅನ್ನೋದು ಇನ್ನೊಂದು. ಎರಡನೆಯದಕ್ಕೇ 5ರಿಂದ 10 ಪಾಯಿಂಟ್. (ನಮ್ಮ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನೂ 24 ಗಂಟೆ ಅಂತಲೇ ಹೇಳುತ್ತೆ. ಓದಿದವರು ಯಾರು?) ಲೈಸೆನ್ಸ್ ಹೋಯ್ತು, ಗಾಡಿ ಇಲ್ಲದೆ ಕೆಲಸ ಹೋಯ್ತು, ಕೆಲಸದ ಹಿಂದೆ ವೀಸಾ. ಬೇರೆ ಸ್ಪಾನ್ಸರ್ (ವೀಸಾಗೆ ಹೊಣೆ ನಿಲ್ಲೋ ಕೆಲಸದಾತ) ಹುಡುಕೋಕೆ 60 ದಿನ ಕೊಟ್ಟರು, ಸಿಗಲಿಲ್ಲ. ಹೀಥ್ರೂಗೆ ನಾನೇ ಬಿಟ್ಟು ಬಂದೆ. ಈಗಲೂ ಯುಗಾದಿಗೆ ಫೋನ್ ಮಾಡ್ತಾನೆ, ಇಂಗ್ಲೆಂಡಿನ ಸುದ್ದಿ ಎತ್ತಲ್ಲ.

ಈಗ ಇನ್ನೂ ಬಿಗಿ. ಅಜಾಗರೂಕ ಚಾಲನೆಯಿಂದ ಗಂಭೀರ ಗಾಯ ಆದರೆ 2022ರ ಜೂನ್‌ನಿಂದ ಅದೇ ಪ್ರತ್ಯೇಕ ಅಪರಾಧ. ಕಡಿಮೆ ಅಂದರೂ ಒಂದು ವರ್ಷ ಡ್ರೈವಿಂಗ್ ನಿಷೇಧ, ಎರಡು ವರ್ಷದವರೆಗೆ ಜೈಲೂ ಆಗಬಹುದು. ಹಾಗಾಗಿ ಬಿದ್ದವರು ಏನೂ ಆಗಿಲ್ಲ ಅಂದರೂ ಹೆಸರು, ವಿಳಾಸ, ಗಾಡಿ ನಂಬರ್ ಕೊಡು, ಅವತ್ತೇ ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ತಿಳಿಸು. ನನ್ನ ಲೈಸೆನ್ಸ್ ಮೇಲೆ ಇವತ್ತಿನವರೆಗೂ ಒಂದು ಪಾಯಿಂಟ್ ಇಲ್ಲ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಇನ್ನು ಸಾಮಾನು. ಜಾಕೆಟ್ ಇಲ್ಲೇ ತಗೋ. ರಾಗಿ ಹಿಟ್ಟು ಗುಜರಾತಿ ಅಂಗಡಿಗಳಲ್ಲಿ ಸಿಗುತ್ತೆ. ಅಮ್ಮನ ಕೈಲಿ ಸಾರಿನ ಪುಡಿ ಮಾಡಿಸಿಕೊಂಡು ಬಾ, ಅದರಲ್ಲಿ ಅರ್ಧ ನಮ್ಮ ಮನೆಗೆ.