ಎ ಶಾಲೆಯೇ ಬೇಕಾ? ಟೆಕ್ಸಾಸಿಗೆ ಬರುತ್ತಿರುವ ತಂಗಿಗೆ

ನಿಮ್ಮ ಪ್ರಶ್ನೆ ನೋಡಿದೆ. ಜುಲೈನಲ್ಲಿ ಡಲ್ಲಾಸ್ ಕಡೆ ಬರುತ್ತಿದ್ದೀರಿ, ಆಗಸ್ಟಿಗೆ ಮಗಳು ಮೂರನೇ ಕ್ಲಾಸು. "ಅಕ್ಕಾ, ಎ ರೇಟಿಂಗ್ ಇರುವ ಸರ್ಕಾರಿ ಶಾಲೆ ಹತ್ತಿರ ಬಾಡಿಗೆ ತುಂಬಾ ಜಾಸ್ತಿ. ಬಿ ಶಾಲೆಗೆ ಹಾಕಿದರೆ ಮಗುವಿಗೆ ಅನ್ಯಾಯ ಮಾಡಿದ ಹಾಗಾಗುತ್ತಾ? ಈ ಅಕ್ಷರ ಕೊಡುವವರು ಯಾರು? ಶಾಲೆಯವರು ಸರಿಯಾಗಿ ಕಲಿಸದಿದ್ದರೆ ಕೇಳುವವರು ಇದ್ದಾರಾ?" ಎಂದು ಕೇಳಿದ್ದೀರಿ. ಜೊತೆಗೆ ಲಸಿಕೆ, ಬಸ್ಸಿನ ವಿಚಾರ. ಆ ಎರಡನ್ನು ಮೊದಲು ಮುಗಿಸಿಬಿಡುತ್ತೇನೆ. ಲಸಿಕೆ ಕಾರ್ಡು ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಬಸ್ಸು ಸಿಗುವುದು ಬಿಡುವುದು ಮನೆ ಎಷ್ಟು ದೂರ ಎನ್ನುವುದರ ಮೇಲೆ, ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನವರನ್ನೇ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯವರನ್ನೇ ಕೇಳಿ.

ಈಗ ಅಕ್ಷರದ ವಿಚಾರ. ಅದನ್ನು ಕೊಡುವುದು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ, ಅಂದರೆ ರಾಜ್ಯದ ಶಿಕ್ಷಣ ಇಲಾಖೆ. ಎ ಇಂದ ಎಫ್ ತನಕ ಕೊಡುವ ಈಗಿನ ಪದ್ಧತಿಯ ಕಾನೂನು 2017ರದ್ದು. 2018ರಲ್ಲಿ ಡಿಸ್ಟ್ರಿಕ್ಟುಗಳಿಗೆ, 2019ರಲ್ಲಿ ಒಂದೊಂದು ಶಾಲೆಗೂ ಅಕ್ಷರ ಬಂತು. ನಾವು 2013ರಲ್ಲಿ ಬಂದಾಗ ಇದ್ದದ್ದು ಎರಡೇ ಮಾತು: ಮಟ್ಟ ಮುಟ್ಟಿದೆ, ಇಲ್ಲವೇ ಸುಧಾರಣೆ ಬೇಕು.

ಲೆಕ್ಕಕ್ಕೆ ಮೂರು ಭಾಗ. ಮಕ್ಕಳು ಪರೀಕ್ಷೆಯಲ್ಲಿ ಹೇಗೆ ಮಾಡಿದರು ಎನ್ನುವುದು ಒಂದು. ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದರು, ಅಷ್ಟೇ ಬಡ ಮಕ್ಕಳಿರುವ ಬೇರೆ ಶಾಲೆಗಳ ಎದುರು ಈ ಶಾಲೆ ಹೇಗಿದೆ ಎನ್ನುವುದು ಇನ್ನೊಂದು. ಈ ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ 70 ಪಾಲು. ಉಳಿದ 30 ಪಾಲು ಮೂರನೆಯದಕ್ಕೆ. ಅಲ್ಲಿ ಬಡ ಮಕ್ಕಳು, ಬೇರೆ ಬೇರೆ ಜನಾಂಗದ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು, ಹೀಗೆ ಗುಂಪು ಗುಂಪಾಗಿ ನೋಡುತ್ತಾರೆ. ಯಾವ ಗುಂಪನ್ನೂ ಹಿಂದೆ ಬಿಟ್ಟು ಒಟ್ಟು ಸರಾಸರಿ ತೋರಿಸಿ ಪಾರಾಗಬಾರದು ಅಂತ. ಇದು ನನಗೆ ನಿಜವಾಗಿಯೂ ಇಷ್ಟವಾದ ಸಂಗತಿ. ನಮ್ಮ ಕಡೆ ನೂರಕ್ಕೆ ನೂರು ಫಲಿತಾಂಶ ಬರಲಿ ಎಂದು ದಡ್ಡ ಹುಡುಗರನ್ನು ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಕಳಿಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ?

ಪ್ರೈಮರಿ ಶಾಲೆಯ ಅಕ್ಷರ ನಿಂತಿರುವುದು ಸ್ಟಾರ್ ಎನ್ನುವ ಪರೀಕ್ಷೆಯ ಮೇಲೆ. ಮೂರನೇ ಕ್ಲಾಸಿನಿಂದ ಶುರು, ಓದು ಮತ್ತು ಗಣಿತ. ಐದರಲ್ಲಿ ವಿಜ್ಞಾನವೂ ಸೇರುತ್ತದೆ. ಲೈಬ್ರರಿ ಹೇಗಿದೆ, ಚಿತ್ರಕಲೆ ಟೀಚರ್ ಇದ್ದಾರಾ, ಹೊಸ ಮಗು ಊಟದ ಹೊತ್ತಲ್ಲಿ ಯಾರ ಪಕ್ಕ ಕೂರುತ್ತದೆ, ಇದು ಯಾವುದೂ ಆ ಅಕ್ಷರದೊಳಗೆ ಇಲ್ಲ. 2027-28ರಿಂದ ಸ್ಟಾರ್ ಬದಲು ವರ್ಷಕ್ಕೆ ಮೂರು ಸಣ್ಣ ಪರೀಕ್ಷೆಗಳು ಬರಲಿವೆ.

ಅಳತೆಗೋಲೂ ಬದಲಾಗುತ್ತಿರುತ್ತದೆ. ಕಾಲೇಜಿಗೋ ಕೆಲಸಕ್ಕೋ ಸೇನೆಗೋ ತಯಾರಾದ ಮಕ್ಕಳ ಪ್ರಮಾಣ ಮೊದಲು ನೂರಕ್ಕೆ 60 ಇದ್ದರೆ ಹೈಸ್ಕೂಲಿಗೆ ಆ ಲೆಕ್ಕದಲ್ಲಿ ಎ ಸಿಗುತ್ತಿತ್ತು. ಅದನ್ನು 88ಕ್ಕೆ ಏರಿಸಿದರು. ಡಿಸ್ಟ್ರಿಕ್ಟುಗಳು ಕೋರ್ಟಿಗೆ ಹೋದವು. 2023ರ ರೇಟಿಂಗ್ ಹೊರಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ! ಹಾಗಾಗಿ ಒಂದು ವರ್ಷದ ಅಕ್ಷರ ನೋಡಿ ಮನೆ ಹಿಡಿಯಬೇಡಿ. ರಾಜ್ಯದ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಮೂರೂ ಭಾಗ ಬೇರೆ ಬೇರೆ ಕಾಣುತ್ತದೆ. ಒಟ್ಟು ಬಿ ಇದ್ದು ಮಕ್ಕಳ ಮುನ್ನಡೆಯಲ್ಲಿ ಒಳ್ಳೆಯ ಅಂಕ ಇದ್ದರೆ ನಾನಾಗಿದ್ದರೆ ಧೈರ್ಯವಾಗಿ ಸೇರಿಸುತ್ತೇನೆ.

ಕೇಳುವವರು ಇದ್ದಾರಾ ಎಂದಿರಿ. ಇದ್ದಾರೆ. ಒಂದು ಶಾಲೆ ಸತತ ಐದು ವರ್ಷ ಫೇಲಾದರೆ ರಾಜ್ಯ ಅದನ್ನು ಮುಚ್ಚಿಸಬೇಕು, ಇಲ್ಲವೇ ಡಿಸ್ಟ್ರಿಕ್ಟಿನ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬೇಕು. ಟೆಕ್ಸಾಸಿನ ಅತಿ ದೊಡ್ಡ ಡಿಸ್ಟ್ರಿಕ್ಟ್ ಹ್ಯೂಸ್ಟನ್‌ನಲ್ಲಿ 2023ರ ಜೂನ್‌ನಲ್ಲಿ ಹಾಗೇ ಆಯಿತು. ಅದಕ್ಕೆ ದೊಡ್ಡ ಕಾರಣ ಒಂದೇ ಒಂದು ಹೈಸ್ಕೂಲಿನ ವರ್ಷಾನುಗಟ್ಟಲೆಯ ಕೆಟ್ಟ ರೇಟಿಂಗ್. ಜನ ಆರಿಸಿದ ಬೋರ್ಡನ್ನು ಪಕ್ಕಕ್ಕಿಟ್ಟು ರಾಜ್ಯ ತನ್ನವರನ್ನು ಕೂರಿಸಿತು. ಅದು ಸರಿಯೋ ತಪ್ಪೋ ಎಂದು ಅಲ್ಲಿನವರು ಇನ್ನೂ ಜಗಳವಾಡುತ್ತಾರೆ.

ಆದರೆ ನಿಮಗೆ ಹೇಳಲೇಬೇಕು ಎಂದು ನಾನು ಕೂತದ್ದು ಬೇರೆಯೇ ವಿಚಾರಕ್ಕೆ.

ಮಗನನ್ನು ಸೇರಿಸಲು ಹೋದ ದಿನ ಒಂದು ಫಾರ್ಮ್ ಕೊಟ್ಟರು. ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತೀರಿ? ನಿಮ್ಮ ಮಗು ಹೆಚ್ಚಾಗಿ ಯಾವ ಭಾಷೆ ಆಡುತ್ತದೆ? ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತೇ ಇರಲಿಲ್ಲ. ನಾನು ಎರಡೂ ಕಡೆ ಇಂಗ್ಲಿಷ್ ಎಂದು ಬರೆದೆ. ಅವನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಕನ್ನಡ ಎಂದರೆ ಎಲ್ಲಿ ದಡ್ಡರ ಸೆಕ್ಷನ್ನಿಗೆ ಹಾಕುತ್ತಾರೋ ಎಂಬ ಭಯ. ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ.

ಕನ್ನಡ ಎಂದು ಬರೆದಿದ್ದರೆ ನಾಲ್ಕು ವಾರದೊಳಗೆ ಅವನ ಇಂಗ್ಲಿಷ್ ಎಷ್ಟಿದೆ ಎಂದು ನೋಡುತ್ತಿದ್ದರು. ಬೇಕಾಗಿದ್ದರೆ ನಮ್ಮ ಒಪ್ಪಿಗೆ ಕೇಳಿ ಭಾಷೆಗೆಂದೇ ತರಬೇತಾದ ಟೀಚರ್ ಕೊಡುತ್ತಿದ್ದರು. ನಾನು ಇಂಗ್ಲಿಷ್ ಎಂದು ಬರೆದದ್ದರಿಂದ ಯಾರೂ ನೋಡಲಿಲ್ಲ. ಶಾಲೆಯ ಲೆಕ್ಕದಲ್ಲಿ ಅವನು ಇಂಗ್ಲಿಷ್ ಮನೆಮಾತಿನ ಹುಡುಗ.

ಅವನು ಪುಸ್ತಕ ಓದುತ್ತಿದ್ದ. ಟೀಚರ್ ಆಡುವ ಮಾತು ಮಾತ್ರ ಅವನಿಗೆ ಹಿಡಿಯುತ್ತಿರಲಿಲ್ಲ. ಜನವರಿಯ ಮೀಟಿಂಗ್‌ನಲ್ಲಿ ಟೀಚರ್, "ನಿಮ್ಮ ಮಗ ತುಂಬಾ ನಾಚಿಕೆ ಸ್ವಭಾವದವನು, ನನ್ನ ಹತ್ತಿರ ಇದುವರೆಗೆ ಪೂರ್ತಿ ಒಂದು ವಾಕ್ಯ ಮಾತಾಡಿಲ್ಲ" ಎಂದರು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗ ಅವನು. ಆಗಲೂ ನಾನು ನಿಜ ಹೇಳಲಿಲ್ಲ. ವಸಂತದಲ್ಲಿ ಸ್ಟಾರ್ ಬರೆದ. ಗಣಿತದಲ್ಲಿ ಕೂಡುವುದು ಕಳೆಯುವುದು ಬರುತ್ತಿತ್ತು, ಕೇಳಿದ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಫಲಿತಾಂಶದ ಹಾಳೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮಟ್ಟ. ಅದೇ ವರ್ಷ ಶಾಲೆಗೆ ಒಳ್ಳೆಯ ರೇಟಿಂಗ್ ಬಂತು, ಗೇಟಿನ ಮೇಲೆ ಬ್ಯಾನರ್ ಕಟ್ಟಿದರು. ನಾನು ಅದರ ಕೆಳಗೇ ಅವನನ್ನು ಇಳಿಸಿ ಬರುತ್ತಿದ್ದೆ.

ಆ ಹಾಳೆ ನೋಡಿ ಹೆದರಿ ನಾನು ಇನ್ನೊಂದು ತಪ್ಪು ಮಾಡಿದೆ. ಮನೆಯಲ್ಲೂ ಇಂಗ್ಲಿಷೇ ಮಾತಾಡು ಎಂದೆ. ಅವನು ಕನ್ನಡದಲ್ಲಿ ಏನಾದರೂ ಕೇಳಿದರೆ ಸುಮ್ನೆ ಕೂತು, ಇಂಗ್ಲಿಷಿನಲ್ಲಿ ಕೇಳುವ ತನಕ ಉತ್ತರ ಕೊಡುತ್ತಿರಲಿಲ್ಲ. ಎರಡು ವರ್ಷದಲ್ಲಿ ಇಂಗ್ಲಿಷ್ ಬಂತು. ಎಲ್ಲ ಮಕ್ಕಳಿಗೂ ಬರುತ್ತದೆ, ನಿಮ್ಮ ಮಗಳಿಗೂ ಬರುತ್ತದೆ. ಈಗ ಅವನು ಕಾಲೇಜಿನಲ್ಲಿದ್ದಾನೆ, ಚೆನ್ನಾಗಿ ಓದುತ್ತಿದ್ದಾನೆ. ಭಾನುವಾರ ನಮ್ಮಮ್ಮ ಫೋನ್ ಮಾಡಿದರೆ "ಅಜ್ಜಿ, ಊಟ ಆಯ್ತಾ" ಎನ್ನುತ್ತಾನೆ. ಆಮೇಲೆ ಫೋನು ನನ್ನ ಕೈಗೆ ಬರುತ್ತದೆ.

ಬಾಡಿಗೆಗೆ ಕೈಗೆಟುಕುವ ಕಡೆ ಮನೆ ಹಿಡಿಯಿರಿ. ಸೇರಿಸುವ ಮೊದಲು ಶಾಲೆಗೆ ಫೋನ್ ಮಾಡಿ, ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಅಲ್ಲಿ ಯಾರು ಪಾಠ ಮಾಡುತ್ತಾರೆ ಎಂದು ಕೇಳಿ. ಹಾಗೆ ಗುರುತಿಸಿದ ಮಗುವಿನ ಮೊದಲ ವರ್ಷದ ಅಂಕವನ್ನು ಶಾಲೆಯ ರೇಟಿಂಗ್‌ಗೆ ಸೇರಿಸುವುದೂ ಇಲ್ಲ, ಆದ್ದರಿಂದ ಶಾಲೆಗೆ ಹೊರೆಯಾಗುತ್ತೇವೆ ಎಂಬ ಸಂಕೋಚ ಬೇಡ. ಆ ಫಾರ್ಮ್ ಕೈಗೆ ಬಂದಾಗ ಮೊದಲ ಸಾಲಿನಲ್ಲಿ ಕನ್ನಡ ಎಂದು ಬರೆಯಿರಿ. ಎರಡನೇ ಸಾಲಿನಲ್ಲೂ.