ಕ್ರೀಟ್ ದ್ವೀಪದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನಾವೇ ಓಡಿಸಬಹುದೇ?

ಸೆಪ್ಟೆಂಬರ್‌ನಲ್ಲಿ ಎಂಟು ದಿನಕ್ಕೆ ಗ್ರೀಸ್‌ನ ಕ್ರೀಟ್‌ಗೆ ಹೊರಟಿದ್ದೀರಿ, ಜೊತೆಗೆ ಹೆಂಡತಿ, ಆರು ವರ್ಷದ ಮಗಳು ಮತ್ತು ನಿಮ್ಮ ತಾಯಿ. ಚಾರ್ಮಾಡಿ, ಶಿರಾಡಿ ಎರಡೂ ಘಾಟಿ ಓಡಿಸಿದ್ದೀರಿ, ಆದರೆ ರಸ್ತೆಯ ಬಲಗಡೆ ಓಡಿಸಿ ಗೊತ್ತಿಲ್ಲ. ಕಾರು ತೆಗೆದುಕೊಳ್ಳುವುದೋ, ಬಸ್ಸಿನಲ್ಲೇ ಓಡಾಡುವುದೋ ಎಂದು ಕೇಳಿದ್ದೀರಿ.

ತೆಗೆದುಕೊಳ್ಳಿ. ನಾನು 2019ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ಅಲ್ಲಿ ಓಡಿಸಿದ್ದೇನೆ. ಉತ್ತರ ಕರಾವಳಿಯ ಹೆರಾಕ್ಲಿಯೊನ್, ರೆಥಿಮ್ನೊ, ಹನ್ಯಾ ಊರುಗಳ ನಡುವೆ ಕೆಟೆಲ್ (KTEL) ಸಂಸ್ಥೆಯ ಬಸ್ಸುಗಳು ಚೆನ್ನಾಗಿ ಓಡುತ್ತವೆ. ಆದರೆ ಬೆಟ್ಟದ ಹಳ್ಳಿಗಳಿಗೆ ಹೋಗುವ ಬಸ್ಸು ಕಡಿಮೆ. ವಯಸ್ಸಾದವರನ್ನೂ ಮಗುವನ್ನೂ ಬಿಸಿಲಲ್ಲಿ ನಿಲ್ಲಿಸಿಕೊಂಡು ಬಸ್ಸಿಗೆ ಕಾಯುವುದು ಕಷ್ಟ. ಒಂದೇ ಷರತ್ತು: ಇಡೀ ದ್ವೀಪ ನೋಡುವ ಆಸೆ ಬಿಡಿ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ಅಷ್ಟೇ ಎಂದು ನಕ್ಷೆ ನೋಡಿ ಅಂದುಕೊಳ್ಳುತ್ತೇವೆ, ಆದರೆ ನಡುವೆ ಸುಮಾರು 2,450 ಮೀಟರ್ ಎತ್ತರದ ಬೆಟ್ಟಗಳಿವೆ. ಒಳನಾಡಿನಲ್ಲಿ 40 ಕಿ.ಮೀ. ಎಂದರೆ ಒಂದು ಗಂಟೆ ಎಂದೇ ಲೆಕ್ಕ ಹಾಕಿ.

ಬಲಗಡೆ ಓಡಿಸುವ ಭಯ ಅರ್ಧ ದಿನಕ್ಕೆ ಹೋಗುತ್ತದೆ. ಮೊದಲ ಗಂಟೆ ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಓಡುತ್ತದೆ, ಏಕೆಂದರೆ ನಮ್ಮ ಬಹುಪಾಲು ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗೈಗೆ ಸಿಗುತ್ತದೆ, ಅಲ್ಲಿ ಎಡಗೈಗೆ. ಅದರಿಂದ ಅಪಾಯವಿಲ್ಲ. ಅಪಾಯ ಎರಡು ಕಡೆ ಇದೆ. ಎಡಗಡೆ ಕೂತು ಓಡಿಸುವಾಗ ಕಾರಿನ ಬಲಭಾಗ ಎಷ್ಟು ದೂರ ಚಾಚಿದೆ ಎನ್ನುವ ಅಂದಾಜು ಸಿಗುವುದಿಲ್ಲ, ಬಂಡಿ ತಾನಾಗಿಯೇ ರಸ್ತೆಯಂಚಿಗೆ ಸರಿಯುತ್ತದೆ. ನಡುವಿನ ಬಿಳಿ ಗೆರೆ ಸದಾ ನಿಮ್ಮ ಎಡ ಭುಜದ ಪಕ್ಕದಲ್ಲೇ ಇರಲಿ. ಎರಡನೆಯದು, ಬೆಳಿಗ್ಗೆ ಎದ್ದು ಖಾಲಿ ರಸ್ತೆಗೆ ಇಳಿದಾಗ ಕೈ ಹಳೆಯ ಅಭ್ಯಾಸಕ್ಕೆ ಎಡಕ್ಕೆ ತಿರುಗಿಸಿಬಿಡುತ್ತದೆ. ಎದುರಿಗೆ ವಾಹನಗಳಿದ್ದರೆ ನೋಡಿಯಾದರೂ ಸರಿಹೋಗುತ್ತೇವೆ, ಖಾಲಿ ರಸ್ತೆಯಲ್ಲಿ ಎಚ್ಚರಿಸುವವರಿಲ್ಲ. ನನ್ನ ಹೆಂಡತಿ ಎಂಟೂ ದಿನ ಪ್ರತಿ ಹೊರಡುವಿಕೆಗೂ "ಬಲಕ್ಕೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ನೀವೂ ಹೇಳಿಸಿಕೊಳ್ಳಿ. ವಿಮಾನ ಇಳಿದ ಸಂಜೆಯೇ ಕಾರು ಹತ್ತಬೇಡಿ. ನಿದ್ದೆಗೆಟ್ಟ ಕಣ್ಣಿಗೆ ಹೊಸ ಬದಿ ಬೇಡ. ಟ್ಯಾಕ್ಸಿಯಲ್ಲಿ ಹೋಟೆಲಿಗೆ ಹೋಗಿ, ಕಾರನ್ನು ಮರುದಿನ ಬೆಳಿಗ್ಗೆ ತೆಗೆದುಕೊಳ್ಳಿ.

ಉತ್ತರದ ಹೆದ್ದಾರಿಗೆ ಬೋರ್ಡಿನಲ್ಲಿ ಇ75 ಎಂದು ಇರುತ್ತದೆ. ಬಹುಪಾಲು ಕಡೆ ಹೋಗಲೊಂದು, ಬರಲೊಂದು ಪಥ, ಜೊತೆಗೆ ಅಗಲವಾದ ಅಂಚು. ಹಿಂದಿನಿಂದ ವೇಗವಾಗಿ ಬಂದವರಿಗೆ ದಾರಿ ಬಿಡಲು ಮುಂದಿನವರು ಅರ್ಧ ಕಾರನ್ನು ಆ ಅಂಚಿಗೆ ಇಳಿಸಿ ಓಡಿಸುವುದು ಅಲ್ಲಿನ ರೂಢಿ. ನೀವು ಮಾಡದಿದ್ದರೆ ಬೆನ್ನಿಗೆ ಅಂಟಿಕೊಂಡೇ ಬರುತ್ತಾರೆ. ಮುಂದೆ ಅಂಚು ಖಾಲಿ ಇದೆಯೇ, ನಿಂತ ಕಾರು, ನಡೆಯುವವರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಮಾತ್ರ ಸರಿಯಿರಿ. ತಿರುವಿನಲ್ಲಿ ಸರಿಯಲೇಬೇಡಿ, ಹಿಂದಿನವನು ಕಾಯಲಿ. ಬೋರ್ಡುಗಳಲ್ಲಿ ಗ್ರೀಕ್ ಹೆಸರು ಹಳದಿಯಲ್ಲಿ, ರೋಮನ್ ಲಿಪಿಯ ಹೆಸರು ಬಿಳಿಯಲ್ಲಿ ಇರುತ್ತದೆ. ಹನ್ಯಾ ಊರಿನ ಹೆಸರನ್ನೇ ಎರಡು ಮೂರು ಬಗೆಯ ಕಾಗುಣಿತದಲ್ಲಿ ನೋಡುತ್ತೀರಿ, ಎಲ್ಲವೂ ಒಂದೇ ಊರು.

ರಸ್ತೆ ಬದಿಯಲ್ಲಿ ಕಂಬದ ಮೇಲಿಟ್ಟ ಪುಟ್ಟ ಗುಡಿಗಳು ಕಾಣುತ್ತವೆ, ಒಳಗೆ ಎಣ್ಣೆಯ ದೀಪ, ಸಂತರ ಚಿತ್ರ. ಬಹಳಷ್ಟು ಕಡೆ ಅಪಘಾತದಲ್ಲಿ ಹೋದವರ ನೆನಪಿಗೆ ಮನೆಯವರು ಕಟ್ಟಿಸಿದ್ದು, ಕೆಲವು ಬದುಕಿ ಉಳಿದವರು ಹರಕೆಗೆ ಕಟ್ಟಿಸಿದ್ದು. ಒಂದೇ ತಿರುವಿನಲ್ಲಿ ಎರಡು ಮೂರು ಇದ್ದರೆ ಗೇರ್ ಇಳಿಸಿ. ಯಾವ ಎಚ್ಚರಿಕೆ ಫಲಕಕ್ಕಿಂತಲೂ ನಾನು ಅವುಗಳನ್ನೇ ಹೆಚ್ಚು ನಂಬಿದೆ.

ಈಗ ಇನ್ಶೂರೆನ್ಸ್. ಇದನ್ನು ದಯವಿಟ್ಟು ನಿಧಾನವಾಗಿ ಓದಿ. "ಫುಲ್ ಇನ್ಶೂರೆನ್ಸ್" ಎಂಬ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಸಾಮಾನ್ಯ ಪಾಲಿಸಿಯಲ್ಲಿ ಎಕ್ಸೆಸ್ ಎಂದು ಒಂದು ಮೊತ್ತ ಇರುತ್ತದೆ, ಹಾನಿಯಾದರೆ ಅಷ್ಟರವರೆಗೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಟೈರು, ಗಾಜು, ಕಾರಿನ ತಳಭಾಗ ಇವು ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದೇ ಇಲ್ಲ. ಎಕ್ಸೆಸ್ ಸೊನ್ನೆ ಇರಬೇಕು, ಈ ಮೂರೂ ಸೇರಿರಬೇಕು, ಅದು ಬರಹದಲ್ಲಿ ಇರಬೇಕು. ಬುಕಿಂಗ್ ಜಾಲತಾಣ ತಾನೇ ಮಾರುವ ವಿಮೆ ಬೇರೆ ಥರದ್ದು, ಮೊದಲು ನೀವು ಕಟ್ಟಿ ಆಮೇಲೆ ವಾಪಸ್ ಕೇಳಬೇಕು. ಅದನ್ನು ಕೊಂಡಿದ್ದರೂ ಕೌಂಟರ್‌ನಲ್ಲಿ ಡೆಪಾಸಿಟ್ ಹಣವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ತಡೆಹಿಡಿಯುತ್ತಾರೆ. ಕಾರ್ಡು ಓಡಿಸುವವರ ಹೆಸರಿನಲ್ಲೇ ಇರಲಿ.

ನನಗೆ ಇದು ಅರ್ಥವಾದದ್ದು ಬಾಲೊಸ್ ಎಂಬ ಕಡಲತೀರಕ್ಕೆ ಹೋಗುವಾಗ. ಕಾಲಿವಿಯಾನಿ ಎಂಬ ಹಳ್ಳಿಯಿಂದ ಮುಂದೆ ಸುಮಾರು 8 ಕಿ.ಮೀ. ಕಲ್ಲಿನ ಕಚ್ಚಾ ರಸ್ತೆ. ಎಲ್ಲರೂ ಹೋಗುತ್ತಿದ್ದರು, ನಾನೂ ಹೋದೆ. ಚೂಪು ಕಲ್ಲಿಗೆ ಟೈರಿನ ಪಕ್ಕದ ಗೋಡೆ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ, ಪಂಕ್ಚರ್ ಮುಚ್ಚುವ ದ್ರವದ ಡಬ್ಬಿ ಮಾತ್ರ. ಪಕ್ಕದ ಗೋಡೆ ಸೀಳಿದರೆ ಅದರಿಂದ ಏನೂ ಆಗದು. ಎರಡು ಗಂಟೆ ಬಿಸಿಲಲ್ಲಿ ಕಾದು, ಎಳೆದುಕೊಂಡು ಹೋಗುವ ಗಾಡಿಗೂ ಹೊಸ ಟೈರಿಗೂ ನಾವೇ ಹಣ ಕೊಟ್ಟೆವು. ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ ಎಂದು ಒಪ್ಪಂದದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ನೀವು ಬಾಲೊಸ್ ನೋಡುವುದಾದರೆ ಕಿಸ್ಸಮೊಸ್ ಬಂದರಿನಿಂದ ದೋಣಿಯಲ್ಲಿ ಹೋಗಿ. ಕಾರಿನಲ್ಲಿ ಹೋದರೂ ಕೊನೆಗೆ ಇಳಿಜಾರಿನಲ್ಲಿ ನಡೆದೇ ಇಳಿಯಬೇಕು, ಹತ್ತಬೇಕು. ನಿಮ್ಮ ತಾಯಿಯವರಿಗೆ ಅದು ಆಗದು.

ಗಾಳಿಯ ವಿಷಯ ಯಾರೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಬೀಸುವ ಮೆಲ್ಟೆಮಿ ಗಾಳಿ ತೆರೆದ ಬಾಗಿಲನ್ನು ಕಿತ್ತು ಮುಂದಕ್ಕೆ ಮಡಚುವಷ್ಟು ಜೋರು. ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ, ಮಗಳ ಕೈಗೆ ಬಾಗಿಲು ಕೊಡಬೇಡಿ.

ಲೈಸೆನ್ಸ್: ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು. ನಿಮ್ಮ ಆರ್‌ಟಿಒ ಕೊಡುತ್ತದೆ, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಕೌಂಟರ್‌ನಲ್ಲಿ ಕೇಳದೆ ಕಾರು ಕೊಟ್ಟರೂ ಅಪಘಾತವಾದ ದಿನ ವಿಮೆಯವರು ಕೇಳುತ್ತಾರೆ. ಮಗಳಿಗೆ ಬೂಸ್ಟರ್ ಸೀಟು ಮೊದಲೇ ಹೇಳಿಡಿ. ಆಟೊಮ್ಯಾಟಿಕ್ ಬೇಕಿದ್ದರೆ ಈಗಲೇ ಬುಕ್ ಮಾಡಿ, ಅಲ್ಲಿ ಗೇರಿನ ಕಾರುಗಳೇ ಹೆಚ್ಚು. ಚಿಕ್ಕ ಕಾರು ಸಾಕು, ಹಳ್ಳಿಯ ಓಣಿಗಳು ಕಿರಿದು. ಪೆಟ್ರೋಲು ಬಂಕಿನವರೇ ಹಾಕುತ್ತಾರೆ, "ಅಮೋಲಿವ್ದಿ" ಎಂದರೆ ಸೀಸವಿಲ್ಲದ ಪೆಟ್ರೋಲು. ಬೆಟ್ಟಕ್ಕೆ ಹೊರಡುವ ಮುನ್ನ ಕೆಳಗಿನ ಊರಲ್ಲೇ ತುಂಬಿಸಿಕೊಳ್ಳಿ.

ಎಂಟು ದಿನದಲ್ಲಿ ಐದು ರಾತ್ರಿ ಹನ್ಯಾದಲ್ಲಿ, ಉಳಿದದ್ದು ಹೆರಾಕ್ಲಿಯೊನ್‌ನಲ್ಲಿ ಇರಿ. ಕ್ನೊಸೊಸ್ ಅರಮನೆಗೆ ಹೆರಾಕ್ಲಿಯೊನ್‌ನಿಂದ ಸಿಟಿ ಬಸ್ಸೇ ಇದೆ, ಅಷ್ಟು ಹೊತ್ತಿಗೆ ಕಾರು ಹಿಂತಿರುಗಿಸಿದ್ದರೂ ನಡೆಯುತ್ತದೆ. ಎಲಾಫೊನಿಸಿ ಕಡಲತೀರಕ್ಕೆ ಹೋಗುವಾಗ ತೊಪೋಲಿಯಾ ಬಳಿ ಒಂದೇ ಪಥದ ಸುರಂಗವಿದೆ, ಸಿಗ್ನಲ್ ನೋಡಿ ನುಗ್ಗಿ. ಸಮರಿಯಾ ಕಮರಿ 16 ಕಿ.ಮೀ. ನಡಿಗೆ, ಕೊನೆ ಮುಟ್ಟುವ ಅಗಿಯಾ ರುಮೆಲಿಗೆ ಕಾರು ಬರುವ ರಸ್ತೆಯೇ ಇಲ್ಲ. ಈ ಸಲ ಅದನ್ನು ಬಿಡಿ.

ಒಂದು ಪೂರ್ತಿ ದಿನ ದಕ್ಷಿಣದ ಬೆಟ್ಟಸೀಮೆ ಸ್ಫಾಕಿಯಾಕ್ಕೆ ಇಡಿ. ವ್ರಿಸ್ಸೆಸ್‌ನಿಂದ ಹತ್ತಿ, ಅಸ್ಕಿಫೂ ಬಯಲು ದಾಟಿ, ಇಂಬ್ರೊಸ್ ಆದ ಮೇಲೆ ರಸ್ತೆ ಹಾವಿನಂತೆ ಇಳಿಯುತ್ತದೆ, ಕೆಳಗೆ ಲಿಬಿಯನ್ ಸಮುದ್ರ. ಚಾರ್ಮಾಡಿಯ ಕೈ ನಿಮಗೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಕುರುಡು ತಿರುವಿನಲ್ಲಿ ಹಾರ್ನ್, ಇಳಿಯುವಾಗ ಎರಡನೇ ಗೇರ್, ಹತ್ತುವವರಿಗೆ ದಾರಿ. ಡಾಂಬರಿನ ಮೇಲೆ ಮೇಕೆಗಳು ಮಲಗಿರುತ್ತವೆ, ಮಳೆ ಹನಿದರೆ ರಸ್ತೆ ತುಂಬ ಜಾರುತ್ತದೆ. ಫಲಕಗಳಲ್ಲಿ ಗುಂಡಿನ ತೂತು ಕಂಡರೆ ಹೆದರಬೇಡಿ, ಅದು ಆ ಸೀಮೆಯ ಹಳೆಯ ಚಾಳಿ. ಅಲ್ಲಿಂದ ಅನೋಪೊಲಿಗೆ ಹತ್ತಿದರೆ ಅರಾದೆನಾ ಸೇತುವೆ ಸಿಗುತ್ತದೆ. 1986ರಲ್ಲಿ ಕಟ್ಟಿದ ಉಕ್ಕಿನ ಸೇತುವೆ, ಮೇಲೆ ಮರದ ಹಲಗೆ, ಕೆಳಗೆ 138 ಮೀಟರ್ ಕಮರಿ. ಚಕ್ರ ಉರುಳಿದಂತೆ ಹಲಗೆಗಳು ದಡದಡ ಎನ್ನುತ್ತವೆ. ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಿರುವಿಗೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಊಟವಾದ ಮೇಲೆ ಕೇಳದಿದ್ದರೂ ಪುಟ್ಟ ಸೀಸೆಯಲ್ಲಿ ರಾಕಿ ಎಂಬ ಮದ್ಯ ತಂದಿಡುತ್ತಾರೆ, ಅದು ಅವರ ಉಪಚಾರ. ಎದೆಯ ಮೇಲೆ ಕೈಯಿಟ್ಟು, ನಾನು ಓಡಿಸಬೇಕು ಎಂದು ಸನ್ನೆ ಮಾಡಿ. ಅವರು ಬೇಸರಪಡುವುದಿಲ್ಲ, ನನಗೆ ಪ್ರತಿ ಸಲವೂ ಬದಲಿಗೆ ದ್ರಾಕ್ಷಿ ತಂದುಕೊಟ್ಟರು.